ಪುಟ್ಟ ಮಗುವಿನೊಂದಿಗೆ ಪಂಪ್ಕಿನ್ ಪ್ಯಾಚಿಗೆ ಹೊರಡುವ ಮುನ್ನ

ಅಮೆರಿಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 31ರ ಹ್ಯಾಲೋವೀನ್‌ವರೆಗೆ ಊರಾಚೆಯ ಎಷ್ಟೋ ರೈತರು ತಮ್ಮ ಕುಂಬಳದ ಹೊಲಗಳನ್ನು ಜನರಿಗೆ ತೆರೆದಿಡುತ್ತಾರೆ. ಇವೇ ಪಂಪ್ಕಿನ್ ಪ್ಯಾಚ್‌ಗಳು. ಮೆಕ್ಕೆಜೋಳದ ಚಕ್ರವ್ಯೂಹ, ಟ್ರ್ಯಾಕ್ಟರ್ ಎಳೆಯುವ ಹುಲ್ಲಿನ ಬಂಡಿ, ಆಡು ಕುರಿಗಳ ದೊಡ್ಡಿ, ಸೇಬಿನ ತೋಟ, ಸೈಡರ್ ಅಂಗಡಿ ಎಲ್ಲವೂ ಒಂದೇ ಆವರಣದಲ್ಲಿರುವುದರಿಂದ, ಬಂದದ್ದಕ್ಕೆ ಎಲ್ಲವನ್ನೂ ನೋಡಿಯೇ ಹೋಗೋಣ ಎಂದು ದೊಡ್ಡವರಿಗೆ ಅನ್ನಿಸುತ್ತದೆ. ಆದರೆ ಒಂದರಿಂದ ಮೂರು ವರ್ಷದೊಳಗಿನ ಮಗು ಜೊತೆಗಿದ್ದರೆ ಅವುಗಳಲ್ಲಿ ಎರಡನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಮುಂದಿನ ವರ್ಷಕ್ಕೆ ಬಿಡುವುದೇ ಮೇಲು ಎಂಬುದು ನನ್ನ ಅನುಭವ.

ಮಗು ಮಧ್ಯಾಹ್ನ ಮಲಗುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರಡುವ ವೇಳೆಯನ್ನು ಗೊತ್ತುಮಾಡಿಕೊಳ್ಳಿ. ಹನ್ನೆರಡೂವರೆಗೆ ನಿದ್ದೆ ಬರುವ ಮಗುವಾದರೆ ಬಾಗಿಲು ತೆರೆಯುವ ಹೊತ್ತಿಗೇ ತೋಟದಲ್ಲಿದ್ದು, ಹನ್ನೆರಡರ ಸುಮಾರಿಗೆ ಕಾರು ಹತ್ತುವುದು ಸರಿ. ವಾಪಸಾಗುವ ದಾರಿಯೇ ಅದರ ನಿದ್ದೆಯ ಹೊತ್ತಾಗುತ್ತದೆ. ರಜೆ ಸಿಗುವುದಾದರೆ ವಾರದ ದಿನವೇ ಹೋಗಿ. ಅಕ್ಟೋಬರ್ ಎರಡನೆಯ ಸೋಮವಾರದ ರಜೆ ಸೇರಿದ ವಾರಾಂತ್ಯದಲ್ಲಿ ಕಾರು ನಿಲ್ಲಿಸುವುದಕ್ಕೇ ಬೆಳಗು ಮುಗಿದುಹೋಗಬಹುದು. ಈಗ ಅನೇಕ ತೋಟಗಳು ಗಂಟೆ ನಿಗದಿಪಡಿಸಿ ಟಿಕೆಟ್ ಕೊಡುವುದರಿಂದ ಮೊದಲೇ ಕಾದಿರಿಸಬೇಕಾಗುತ್ತದೆ. ಎರಡು ವರ್ಷದೊಳಗಿನವರಿಗೆ ಹಲವೆಡೆ ಪ್ರವೇಶ ಉಚಿತವಾದರೂ, ಬಂಡಿ ಸವಾರಿಗೆ, ಹಣ್ಣು ಬಿಡಿಸುವ ಚೀಲಕ್ಕೆ ಬೇರೆ ಹಣ ಕೊಡಬೇಕೇ ಎಂಬುದನ್ನು ಮನೆಯಲ್ಲೇ ನೋಡಿಕೊಂಡು ಹೊರಡಿ.

ಶರತ್ಕಾಲದ ಬೆಳಗಿನ ಚಳಿ ಮಧ್ಯಾಹ್ನದ ಹೊತ್ತಿಗೆ ಇಳಿದುಬಿಡುವುದರಿಂದ ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ತೊಡಿಸುವುದು ಅನುಕೂಲ. ಕಾರ್‌ಸೀಟಿನಲ್ಲಿ ಕೂರಿಸುವಾಗ ಉಬ್ಬಿದ ಜಾಕೆಟ್ ತೆಗೆದು ಪಟ್ಟಿ ಬಿಗಿಯಿರಿ, ಏಕೆಂದರೆ ಅಪಘಾತವಾದಾಗ ಜಾಕೆಟ್ಟಿನ ಉಬ್ಬು ಒತ್ತಿಹೋಗಿ ಪಟ್ಟಿ ಸಡಿಲವಾಗುತ್ತದೆ. ಮಳೆಗಾಲದ ಬೂಟು ಹಾಗೂ ಒಳಬಟ್ಟೆ, ಕಾಲುಚೀಲ ಸಮೇತ ಬದಲಿ ಉಡುಪು ಕಾರಿನಲ್ಲಿರಲಿ. ಸ್ಟ್ರೋಲರಿನ ಚಿಕ್ಕ ಚಕ್ರಗಳು ಉತ್ತ ಮಣ್ಣಿನಲ್ಲಿ ಹೂತುಕೊಳ್ಳುವುದರಿಂದ ಬೆನ್ನಿಗೆ ಕಟ್ಟುವ ಕ್ಯಾರಿಯರ್ ವಾಸಿ. ಕಾರಿನಿಂದ ಇಳಿದ ಕೂಡಲೇ ಮಗುವಿನ ಪೂರ್ಣ ನಿಲುವಿನ ಫೋಟೋ ಒಂದನ್ನು ತೆಗೆದಿಟ್ಟುಕೊಳ್ಳಿ. ಜನಜಂಗುಳಿಯಲ್ಲಿ ಮಗು ಕಣ್ತಪ್ಪಿದರೆ, ಯಾವ ಬಣ್ಣದ ಅಂಗಿ ಎಂದು ಗಾಬರಿಯಲ್ಲಿ ನೆನಪಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ. ಆಳೆತ್ತರ ಮೀರಿ ಬೆಳೆದ ಜೋಳದ ಚಕ್ರವ್ಯೂಹದಲ್ಲಿ ಕಣ್ತಪ್ಪುವುದು ಬಹಳ ಸುಲಭ. ಈ ವಯಸ್ಸಿನವರಿಗೆ ಹುಲ್ಲಿನ ಪಿಂಡಿಗಳನ್ನು ಸೊಂಟದೆತ್ತರಕ್ಕೆ ಜೋಡಿಸಿ ಮಾಡಿದ ಚಿಕ್ಕ ದಾರಿಗಳೇ ಸಾಕು.

ಹೆಚ್ಚಿನ ಎಚ್ಚರ ಬೇಕಾದದ್ದು ಪ್ರಾಣಿಗಳ ದೊಡ್ಡಿಯಲ್ಲಿ. ಆರೋಗ್ಯವಾಗಿಯೇ ಕಾಣುವ ಆಡು, ಕುರಿ, ಕರುಗಳ ಸಗಣಿ-ಹಿಕ್ಕೆಗಳಲ್ಲಿ ಇ. ಕೊಲೈ ಒ157ರಂತಹ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಸೋಂಕು ಕೆಲವೊಮ್ಮೆ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ. ಕೊಳೆ ಪ್ರಾಣಿಗಳ ಮೈಮೇಲಷ್ಟೇ ಅಲ್ಲ, ಬೇಲಿಯ ಕಂಬಿಗೂ ಅಂಟಿರುತ್ತದೆ. ಆದುದರಿಂದ ಹಾಲಿನ ಬಾಟಲಿ, ಸಿಪ್ಪರ್, ಪ್ಯಾಸಿಫೈಯರ್, ತಿಂಡಿ, ಆಟಿಕೆ ಯಾವುದನ್ನೂ ಒಳಗೆ ಒಯ್ಯಬಾರದು, ಸ್ಟ್ರೋಲರನ್ನೂ ಹೊರಗೇ ನಿಲ್ಲಿಸಬೇಕು. ಕಳೆದ ವರ್ಷ ನನ್ನ ಮಗಳು ಆಡಿನ ಮುಂದೆ ಬೀಳಿಸಿದ ಸಿಪ್ಪರನ್ನು ನಾನು ಎತ್ತಿಕೊಂಡು ಅಂಗಿಯಂಚಿಗೆ ಒರೆಸಿ ಮತ್ತೆ ಅವಳ ಕೈಗೇ ಕೊಡಲು ಹೋಗಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಮುಂಗೈ ಹಿಡಿದು ತಡೆದರು. ಹೊರಬಂದ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಮಗುವಿನ ಕೈಗಳನ್ನೂ ನಿಮ್ಮ ಕೈಗಳನ್ನೂ ತೊಳೆಯಿರಿ. ನೀರು ಸಿಗದಿದ್ದಾಗ ಮಾತ್ರ ಸ್ಯಾನಿಟೈಸರ್. ಮಣ್ಣು ಮೆತ್ತಿದ ಕೈಯಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಸೈಡರ್ ಎಂದರೆ ಇಲ್ಲಿ ಸೋಸದ ಸೇಬಿನ ರಸ. ಪಾಶ್ಚರೀಕರಿಸದೆ, ಅಂದರೆ ಬಿಸಿಮಾಡಿ ರೋಗಾಣುಗಳನ್ನು ಕೊಲ್ಲದೆ, ಬಾಟಲಿಗೆ ತುಂಬಿದ ರಸದ ಮೇಲೆ ಎಚ್ಚರಿಕೆಯ ಚೀಟಿ ಇರಲೇಬೇಕೆಂದು ಅಮೆರಿಕದ ಕೇಂದ್ರ ಸರ್ಕಾರದ ನಿಯಮವಿದ್ದರೂ, ತೋಟದಲ್ಲಿ ಲೋಟಕ್ಕೆ ಬಗ್ಗಿಸಿ ಕೊಡುವುದಕ್ಕೆ ಆ ಚೀಟಿಯ ಕಟ್ಟುಪಾಡಿಲ್ಲ. ಆದ್ದರಿಂದ ಕೇಳಿಯೇ ಕುಡಿಸಬೇಕು. ಹಸಿ ಸೇಬಿನ ಗಟ್ಟಿ ಹೋಳು, ಪಾಪ್‌ಕಾರ್ನ್, ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು ಈ ವಯಸ್ಸಿನವರ ಗಂಟಲಿಗೆ ಸಿಕ್ಕಿಕೊಳ್ಳುವ ಪದಾರ್ಥಗಳು. ಪಾಪ್‌ಕಾರ್ನನ್ನು ನಾಲ್ಕು ವರ್ಷ ತುಂಬುವವರೆಗೆ ಕೊಡದಿರುವಂತೆ ಇಲ್ಲಿನ ಮಕ್ಕಳ ವೈದ್ಯರು ಹೇಳುತ್ತಾರೆ. ಒಣ ಜೋಳದ ಕಾಳು ತುಂಬಿದ ಆಟದ ಗುಂಡಿಯಲ್ಲಿ ಇಳಿಸುವುದಾದರೆ ನೀವೂ ಜೊತೆಗಿಳಿಯಿರಿ. ಕಾಳುಗಳು ಬಾಯಿಗೆ ಹೋಗದಿದ್ದರೆ ಮೂಗಿಗೋ ಕಿವಿಗೋ ಹೋಗುತ್ತವೆ. ಬಂಡಿ ಹೊರಟಾಗ ಮಗು ತೊಡೆಯ ಮೇಲಿರಲಿ, ಅಂಚಿನ ಜಾಗ ದೊಡ್ಡವರಿಗಿರಲಿ.

ಕುಂಬಳ ಆರಿಸುವ ಕೆಲಸಕ್ಕೆ ಬೇಕಾದಷ್ಟು ಸಮಯ ಕೊಡಿ. ಇಡೀ ದಿನದಲ್ಲಿ ಮಗು ತಾನೇ ಮಾಡಬಲ್ಲ ಕೆಲಸ ಅದೊಂದೇ. ನೀವು ತೋರಿಸುವ ದುಂಡನೆಯ ಕಾಯಿ ಅದಕ್ಕೆ ಬೇಕಾಗುವುದಿಲ್ಲ. ನಮ್ಮವಳು ಒಂದು ಪಕ್ಕ ಮಣ್ಣು ಮೆತ್ತಿ ಚಪ್ಪಟೆಯಾಗಿದ್ದ, ಮೈತುಂಬ ಗಂಟುಗಳಿದ್ದ ಅಂಗೈಯಗಲದ ಒಂದು ಕಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಪ್ರತಿ ಗಂಟನ್ನೂ ಬೆರಳಿನಿಂದ ಒತ್ತಿ ನೋಡಿ, ಕೊನೆಗೆ ಅದನ್ನೇ ಹೊಟ್ಟೆಗೆ ಅವುಚಿಕೊಂಡಳು. ಮಗುವಿಗೆ ಅಂತಹ ಚಿಕ್ಕ ಕಾಯಿಯೇ ಸರಿ, ಏಕೆಂದರೆ ಕೆತ್ತುವ ಕಾಯಿಗಳು ಹತ್ತು ಪೌಂಡಿಗೂ ಹೆಚ್ಚು ತೂಗುತ್ತವೆ. ಕಾಯಿಯನ್ನು ತೊಟ್ಟು ಹಿಡಿದು ಎತ್ತಬೇಡಿ. ತೊಟ್ಟು ಮುರಿದರೆ ಕಾಯಿ ಬೀಳುವುದಲ್ಲದೆ, ಆ ಗಾಯದಿಂದಲೇ ಕೊಳೆಯಲು ಶುರುವಾಗುತ್ತದೆ. ಬಳ್ಳಿಯ ಸಣ್ಣ ಮುಳ್ಳುಗಳು ಎಳೆ ಚರ್ಮಕ್ಕೆ ಚುಚ್ಚುವುದರಿಂದ ಉದ್ದ ತೋಳಿನ ಅಂಗಿ ಒಳ್ಳೆಯದು.

ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವಾಗ ಕಿವಿಯ ಹಿಂಭಾಗ, ಕಂಕುಳು, ಮೊಣಕಾಲಿನ ಸಂದು, ಕೂದಲ ಬುಡಗಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಲೈಮ್ ಕಾಯಿಲೆ ಹರಡುವ ಉಣುಗುಗಳು ಅಕ್ಟೋಬರಿನಲ್ಲೂ ಚುರುಕಾಗಿಯೇ ಇರುತ್ತವೆ. ಇಡಿಯಾಗಿಟ್ಟ ಕುಂಬಳ ತಂಪಾದ ಒಣ ಜಾಗದಲ್ಲಿ ವಾರಗಟ್ಟಲೆ ಕೆಡುವುದಿಲ್ಲ, ಕೆತ್ತಿದ್ದು ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಹಾಗಾಗಿ ಈ ವಯಸ್ಸಿನವರೊಂದಿಗೆ ಚಾಕುವಿನ ತಂಟೆಗೆ ಹೋಗದೆ ಸ್ಟಿಕ್ಕರ್ ಅಂಟಿಸಲು ಬಿಡಿ. ಕೆತ್ತುವ ಜಾತಿಯ ಕಾಯಿಯ ತಿರುಳು ನೀರು ನೀರಾಗಿ, ನಾರುನಾರಾಗಿ ಇರುತ್ತದೆ. ಹುಳಿಗೋ ಪಲ್ಯಕ್ಕೋ ಬೇಕಿದ್ದರೆ ಶುಗರ್ ಪಂಪ್ಕಿನ್ ಅಥವಾ ಪೈ ಪಂಪ್ಕಿನ್ ಎಂದು ಬರೆದಿಟ್ಟ ರಾಶಿಯಿಂದ ಬೇರೆಯಾಗಿಯೇ ಒಂದನ್ನು ಆರಿಸಿ ತನ್ನಿ.