ರಿಪೋರ್ಟ್‌ನಲ್ಲಿ ಕಾಣದ ವೈರಸ್‌ಗೆ ಗುಳಿಗೆ ಯಾಕೆ?

"ರಿಪೋರ್ಟ್‌ನ್ಯಾಗ ವೈರಸ್ ಕಾಣಲ್ಲ ಅಂತ ಬಂದದ, ಮತ್ತ ಗುಳಗಿ ಯಾಕ ತಗೋಬೇಕ್ರಿ ಅಕ್ಕಾರ?"

ಕಲಬುರಗಿಯಲ್ಲಿ ಎಚ್‌ಐವಿ ಕೌನ್ಸೆಲಿಂಗ್ ಮಾಡುವ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ಮುಂಬೈ, ಪುಣೆಗೆ ದುಡಿಯಲು ಹೋಗುವವರು ಹೊರಡುವ ಮುಂಚೆ ಕೇಳಿಯೇ ಕೇಳುತ್ತಾರೆ. 'ಬಿಟ್ಟರೆ ಅಪಾಯ' ಅಂತ ಹೆದರಿಸಿದರೆ ಸುಮ್ನೆ ತಲೆ ಆಡಿಸಿ ಹೋಗುತ್ತಾರೆ, ಅಷ್ಟೆ. ಅದಕ್ಕೇ ನಾನು ಹಾಳೆ, ಪೆನ್ನು ತೆಗೆದುಕೊಳ್ಳುತ್ತೇನೆ.

ಮೊದಲು ದೊಡ್ಡದೊಂದು ಸುತ್ತು. ಅದು ಸಿಡಿ4 ಕಣ, ರೋಗದ ವಿರುದ್ಧದ ಹೋರಾಟ ನಡೆಸುವ ಬಿಳಿ ರಕ್ತಕಣ. ಅದರೊಳಗೆ ಚಿಕ್ಕ ಸುತ್ತು, ನಮ್ಮ ಡಿಎನ್‌ಎ ಇರುವ ಜಾಗ. ಹೊರಗೆ ಮುಳ್ಳುಮುಳ್ಳಾದ ಚುಕ್ಕೆ, ಅದೇ ಎಚ್‌ಐವಿ. ಅದು ಕಣದ ಮೈಮೇಲಿನ ಸಿಡಿ4 ಪ್ರೋಟೀನನ್ನು ಹಿಡಿದು ಒಳಗೆ ನುಗ್ಗುತ್ತದೆ. ತನ್ನ ಮಾಹಿತಿಯನ್ನು ತರುವುದು ಡಿಎನ್‌ಎ ರೂಪದಲ್ಲಲ್ಲ, ಅದರ ಹಾಗೇ ಮಾಹಿತಿ ಹೊರುವ ಆರ್‌ಎನ್‌ಎ ರೂಪದಲ್ಲಿ. ನಮ್ಮ ಕಣದಲ್ಲಿ ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಾದರೆ, ಈ ವೈರಸ್ ಉಲ್ಟಾ ಮಾಡುತ್ತದೆ: ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುತ್ತದೆ. ಇದನ್ನು ಮಾಡಿಸುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಎಚ್‌ಐವಿ ಪತ್ತೆಯಾಗುವ ಮುಂಚೆಯೇ, 1970ರಲ್ಲಿ, ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು ಹೀಗೆ ಉಲ್ಟಾ ಬರೆಯುವ ಬೇರೆ ವೈರಸ್‌ಗಳಲ್ಲಿ (ರೆಟ್ರೋವೈರಸ್) ಇದನ್ನು ಕಂಡುಹಿಡಿದಿದ್ದರು. ಈ ಕಥೆ ನರ್ಸಿಂಗ್ ಹುಡುಗಿಯರಿಗೆ ಹೇಳುತ್ತೇನೆ, ಬಸ್ಸಿನ ಟೈಮ್ ನೋಡುತ್ತಾ ಕೂತವರಿಗೆ ಬೇಡ ಬಿಡಿ.

ಅವರಿಗೆ ಮುಖ್ಯವಾದದ್ದು ಮುಂದಿನ ಹೆಜ್ಜೆ. ಹೊಸ ಡಿಎನ್‌ಎ ಚಿಕ್ಕ ಸುತ್ತಿನೊಳಗೆ ಹೋಗುತ್ತದೆ, ಇಂಟಿಗ್ರೇಸ್ ಅನ್ನುವ ಕಿಣ್ವ ಅದನ್ನು ನಮ್ಮ ಡಿಎನ್‌ಎಗೇ ಜೋಡಿಸುತ್ತದೆ. "ನಿಮ್ಮ ಹೊಲದ ಪಹಣಿಯಲ್ಲಿ ಇನ್ಯಾರೋ ಹೆಸರು ಸೇರಿಸಿದ ಹಾಗೆ" ಅನ್ನುತ್ತೇನೆ. ತೊಗರಿ ಬೆಳೆಯುವವರಿಗೆ ಬಿಡಿಸಿ ಹೇಳಬೇಕಾ?

"ಅದನ್ನ ತೆಗಸಾಕ ಬರಲ್ಲೇನ್ರಿ?"

ಈಗಿನ ಗುಳಿಗೆಯಿಂದ ಬರಲ್ಲ. ಒಂದೇ ಗುಳಿಗೆಯಲ್ಲಿ ಮೂರು ಔಷಧ ಇವೆ. ಟೆನೊಫೊವಿರ್, ಲ್ಯಾಮಿವುಡಿನ್ ಉಲ್ಟಾ ಬರೆಯುವುದನ್ನು ತಡೆಯುತ್ತವೆ, ಡೊಲುಟೆಗ್ರಾವಿರ್ ಜೋಡಿಸುವುದನ್ನು. ಚಿತ್ರದಲ್ಲಿ ಆ ಎರಡೂ ಕಡೆ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುತ್ತೇನೆ. ಹೊಸ ಕಣಗಳು ವೈರಸ್‌ನಿಂದ ಪಾರಾಗುತ್ತವೆ. ಆದರೆ ಮೊದಲೇ ವೈರಸ್ ಸೇರಿಕೊಂಡ ಕೆಲವು ಕಣಗಳು ವರ್ಷಗಟ್ಟಲೆ ತಣ್ಣಗೆ ಕೂತಿರುತ್ತವೆ. ವೈರಲ್ ಲೋಡ್ ಪರೀಕ್ಷೆ ರಕ್ತದಲ್ಲಿ ತಿರುಗಾಡುವ ವೈರಸ್ಸನ್ನು ಎಣಿಸುತ್ತದೆ, ಇವು ಅದಕ್ಕೆ ಸಿಗಲ್ಲ. ಗುಳಿಗೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅಲ್ಲಿಂದಲೇ ವೈರಸ್ ಮತ್ತೆ ಹೊರಬೀಳುತ್ತದೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಇನ್ನೊಂದು ಮಾತು ಖಂಡಿತ ಹೇಳುತ್ತೇನೆ. ಗುಳಿಗೆ ತಪ್ಪಿಸದೆ ವೈರಲ್ ಲೋಡ್ ಕಾಣದಷ್ಟು ಇಳಿದೇ ಇದ್ದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಅಲ್ಲಿವರೆಗೆ ನೆಲ ನೋಡುತ್ತಿದ್ದ ಹೆಂಡತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡದ್ದನ್ನು ನೋಡಿದ್ದೇನೆ.

ಮುಂಬೈಗೆ ಹೋಗುವವರ ಬ್ಯಾಗು ತುಂಬುವ ಮುಂಚೆಯೇ ಗುಳಿಗೆಯ ಲೆಕ್ಕ ಹಾಕಿ, ಅಲ್ಲಿ ಈ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದ ವಿಳಾಸ ಬರೆದುಕೊಡುತ್ತೇನೆ. ಚಿತ್ರದ ಹಾಳೆಯನ್ನು ಮಾತ್ರ ಹೆಚ್ಚಿನವರು ಒಯ್ಯುವುದಿಲ್ಲ, ಯಾರಾದರೂ ನೋಡಿಯಾರು ಅಂತ.