ದಾನಿಯ ಅಂಗಾಂಶದ ವಿರುದ್ಧ ಪ್ರತಿರಕ್ಷಾ ಕೋಶ ಸಜ್ಜಾಗುವುದು ಹೇಗೆ?

ಕೊಡಗಿನ ತೋಟಗಳಲ್ಲಿ ಕಿತ್ತಳೆಯ ಕಣ್ಣನ್ನು ನಿಂಬೆ ಜಾತಿಯ ಬೇರೊಂದು ಬುಡಕ್ಕೆ ಕೂರಿಸಿದರೆ ಅದು ಬೆಸೆದುಕೊಂಡು ಬೆಳೆಯುತ್ತದೆ. ಪರಕೀಯ ಅಂಗಾಂಶವನ್ನು ಅರಸಿಕೊಂಡು ಸಂಚರಿಸುವ ಬಿಳಿ ರಕ್ತಕಣಗಳು ಗಿಡದಲ್ಲಿಲ್ಲ. ಮನುಷ್ಯರ ಮೂತ್ರಪಿಂಡ ಕಸಿಯಲ್ಲಿ ಆ ಕಣಗಳೇ ದೊಡ್ಡ ತೊಡಕು. ಮಡಿಕೇರಿ, ವಿರಾಜಪೇಟೆಗಳಿಂದ ಕಸಿಗಾಗಿ ಮೈಸೂರು, ಬೆಂಗಳೂರಿಗೆ ಹೋಗುವ ಕುಟುಂಬಗಳು ‘ಮ್ಯಾಚಿಂಗ್’ (ದಾನಿ ಮತ್ತು ರೋಗಿಯ ಅಂಗಾಂಶಗಳ ಹೊಂದಾಣಿಕೆ) ಎಂಬ ಮಾತನ್ನು ಮೇಲಿಂದ ಮೇಲೆ ಕೇಳಿರುತ್ತವೆ. ಅದರ ಹಿಂದಿನ ಕ್ರಿಯೆಯನ್ನು ದೇಹದ ಹೊರಗೆ ತೋರಿಸುವ ವಿಧಾನವೇ ಮಿಶ್ರ ಲಿಂಫೊಸೈಟ್ ಕಲ್ಚರ್, ಅಂದರೆ ಇಬ್ಬರ ಲಿಂಫೊಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ಒಟ್ಟಿಗೆ ಬೆಳೆಸುವುದು. ಇದರ ಮೊದಲ ವರದಿಗಳು 1964ರಲ್ಲಿ ಪ್ರಕಟವಾದವು.

ಮೊದಲಿಗೆ ದಾನಿ ಮತ್ತು ರೋಗಿ ಇಬ್ಬರ ರಕ್ತವನ್ನೂ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿ ಪಡೆಯಬೇಕು. ಒಬ್ಬೊಬ್ಬರ ರಕ್ತವನ್ನೂ ಬೇರೆಬೇರೆಯಾಗಿ ಫೈಕಾಲ್ ಎಂಬ ಸಾಂದ್ರ ದ್ರಾವಣದ ಮೇಲೆ, ಎರಡೂ ಕಲಸಿಹೋಗದಂತೆ, ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿಯುತ್ತವೆ. ಹಳದಿ ಪ್ಲಾಸ್ಮಾದ ಕೆಳಗೆ ಮಸುಕು ಬಿಳಿಯ ತೆಳು ಉಂಗುರವೊಂದು ನಿಲ್ಲುತ್ತದೆ. ನಮಗೆ ಬೇಕಾದ ಲಿಂಫೊಸೈಟ್‌ಗಳು ಆ ಉಂಗುರದಲ್ಲಿವೆ. ಅದನ್ನು ಪಿಪೆಟ್‌ನಿಂದ ಎತ್ತಿ ತೊಳೆಯಬೇಕು.

ಅನಂತರದ ಹಂತ ನಿರ್ಣಾಯಕ. ದಾನಿಯ ಕೋಶಗಳನ್ನು ವಿಕಿರಣಕ್ಕೆ ಒಡ್ಡಿ ಅಥವಾ ಮೈಟೊಮೈಸಿನ್ ಎಂಬ ಔಷಧ ಹಾಕಿ, ಅವು ವಿಭಜನೆಯಾಗದಂತೆ ತಡೆಯಬೇಕು; ಆಗ ಎಣಿಕೆಗೆ ಸಿಗುವ ವಿಭಜನೆಯೆಲ್ಲ ರೋಗಿಯ ಕೋಶಗಳದ್ದೇ ಆಗಿರುತ್ತದೆ. ಆದರೆ ಶಾಖದಿಂದ ಕೊಂದ ಕೋಶಗಳು ಪ್ರಚೋದನೆ ನೀಡಲಾರವು, ಆದ್ದರಿಂದ ದಾನಿಯ ಕೋಶಗಳು ಜೀವಂತವಾಗಿರಲೇಬೇಕು.

ಇಬ್ಬರ ಕೋಶಗಳನ್ನೂ ಸೀರಮ್ ಬೆರೆಸಿದ ಪೋಷಕ ದ್ರವದಲ್ಲಿ, ಪ್ಲೇಟಿನ ಒಂದೇ ಗುಳಿಯಲ್ಲಿ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿಡಬೇಕು. ರೋಗಿಯ ಟಿ ಕೋಶಗಳು (ಲಿಂಫೊಸೈಟ್‌ಗಳ ಒಂದು ಬಗೆ) ದಾನಿಯ ಕೋಶದ ಮೇಲಿನ ಗುರುತಾದ ಎಚ್‌ಎಲ್‌ಎ ಪ್ರೋಟೀನನ್ನು ಅಂಟಿಕೊಂಡು ಮೊದಲ ಸಂಕೇತವನ್ನೂ, ಪರಕೀಯ ಗುರುತುಗಳನ್ನು ಟಿ ಕೋಶಗಳಿಗೆ ತೋರಿಸುವ ಡೆಂಡ್ರಿಟಿಕ್ ಕೋಶಗಳಿಂದ ಎರಡನೆಯ ಸಂಕೇತವನ್ನೂ ಪಡೆದಾಗ, ಬೆಳವಣಿಗೆಗೆ ಪ್ರಚೋದಿಸುವ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನನ್ನು ಸ್ರವಿಸಿ, ಉಬ್ಬಿ, ಗುಂಪುಗೂಡಿ ವಿಭಜನೆಗೊಳ್ಳುತ್ತವೆ. ಐದಾರು ದಿನಗಳ ಬಳಿಕ, ಡಿಎನ್‌ಎಯ ಕಟ್ಟಡಸಾಮಗ್ರಿಯಾದ ಥೈಮಿಡಿನ್‌ನ ವಿಕಿರಣಶೀಲ ರೂಪವನ್ನು ಹಾಕಿ, ಅದು ಎಷ್ಟು ಡಿಎನ್‌ಎಯೊಳಗೆ ಸೇರಿತು ಎಂಬುದರಿಂದ ವಿಭಜನೆಯನ್ನು ಅಳೆಯಲಾಗುತ್ತದೆ.

ಕೋಶಗಳು ಹೆಚ್ಚಿದವೆಂದ ಮಾತ್ರಕ್ಕೆ ಅವು ಈ ದಾನಿಯ ವಿರುದ್ಧವೇ ಸಜ್ಜಾಗಿವೆ ಎನ್ನಲಾಗದು. ರೋಗಿಯದೇ ಕೋಶಗಳನ್ನು ಎದುರಿಟ್ಟ ಗುಳಿಯೊಂದು ಪಕ್ಕದಲ್ಲಿರಲೇಬೇಕು; ಅದಿಲ್ಲದ ಫಲಿತಾಂಶವನ್ನು ನಂಬಬಾರದು. ಸಜ್ಜಾದ ಕೋಶಗಳಿಗೆ ಕೆಲವು ದಿನ ವಿಶ್ರಾಂತಿ ಕೊಟ್ಟು ಅದೇ ದಾನಿಯ ಕೋಶಗಳನ್ನು ಮತ್ತೆ ಎದುರಿಟ್ಟರೆ, ಈ ಬಾರಿ ಎರಡು ಮೂರು ದಿನಗಳಲ್ಲೇ ಪ್ರತಿಕ್ರಿಯೆ ಉತ್ತುಂಗಕ್ಕೇರುತ್ತದೆ. ಕೊಲ್ಲುವ ಶಕ್ತಿಯನ್ನು ಅಳೆಯಲು ದಾನಿಯ ಕೋಶಗಳಿಗೆ ವಿಕಿರಣಶೀಲ ಕ್ರೋಮಿಯಂ-51 ತುಂಬಿ, ಸಜ್ಜಾದ ಕೋಶಗಳು ಕೊಂದವುಗಳಿಂದ ಸುಮಾರು ನಾಲ್ಕು ಗಂಟೆಗಳಲ್ಲಿ ಅದು ಎಷ್ಟು ಹೊರಸೋರಿತೆಂದು ನೋಡುತ್ತಾರೆ.

ಇಷ್ಟು ದಿನ ಕಾಯಬೇಕಾದ್ದರಿಂದ ಮೃತ ದಾನಿಯ ಅಂಗದ ವಿಷಯದಲ್ಲಿ ಈ ಪರೀಕ್ಷೆ ಒದಗದು. ಅಲ್ಲಿ ಎಚ್‌ಎಲ್‌ಎ ಟೈಪಿಂಗ್ (ಇಬ್ಬರ ಎಚ್‌ಎಲ್‌ಎ ಬಗೆಗಳನ್ನು ಗುರುತಿಸುವುದು) ಮತ್ತು ಕ್ರಾಸ್‌ಮ್ಯಾಚ್ (ದಾನಿಯ ಕೋಶಗಳ ವಿರುದ್ಧ ರೋಗಿಯ ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುವುದು) ಪರೀಕ್ಷೆಗಳನ್ನೇ ವೈದ್ಯರು ನೆಚ್ಚಿಕೊಳ್ಳುತ್ತಾರೆ.