ಶಿರಾಡಿ ಘಟ್ಟದ ರೈಲು: ಎರಡು ಗಂಟೆಯ ನೋಟಕ್ಕೆ ದಿನವಿಡೀ ಕೂರಬೇಕೇ?

ಯಶವಂತಪುರದಿಂದ ಬೆಳಿಗ್ಗೆ ಏಳರ ಸುಮಾರಿಗೆ ಹೊರಡುವ ಗಾಡಿ ಹತ್ತಿದರೆ ಮಂಗಳೂರು ಜಂಕ್ಷನ್ ತಲುಪುವಾಗ ಸಂಜೆಯ ಕಾಫಿ ಹೊತ್ತು. ಇಷ್ಟುದ್ದ ಪ್ರಯಾಣದಲ್ಲಿ ಎಲ್ಲರೂ ಹೊಗಳುವ ಭಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಮಾತ್ರ. ಗಂಟೆಗೆ 30 ಕಿ.ಮೀ. ವೇಗದ ಮಿತಿ ಇರುವುದರಿಂದ ಅದಕ್ಕೆ ಎರಡು, ಎರಡೂವರೆ ಗಂಟೆ ಹಿಡಿಯುತ್ತದೆ. ಉಳಿದದ್ದು ಕುಣಿಗಲ್, ಶ್ರವಣಬೆಳಗೊಳ, ಹಾಸನದ ಬಯಲು, ಆಮೇಲೆ ಪುತ್ತೂರು ಕಡೆಯ ಅಡಿಕೆ ತೋಟ. ಚೆನ್ನಾಗಿಲ್ಲವೆಂದಲ್ಲ, ಆದರೆ ಅದಕ್ಕಾಗಿಯೇ ಯಾರೂ ರಜೆ ಹಾಕುವುದಿಲ್ಲ. ಹೋಗಲೋ ಬೇಡವೋ ಎಂದು ಕೇಳಿದವರಿಗೆ ನಾನು ಮೊದಲು ಹಾಕಿಕೊಡುವುದು ಈ ಲೆಕ್ಕವನ್ನೇ: ದಿನದ ಕಾಲು ಭಾಗ ಘಟ್ಟ, ಮುಕ್ಕಾಲು ಭಾಗ ಮಾಮೂಲಿ ರೈಲು.

ಆ ಕಾಲು ಭಾಗದೊಳಗೂ ಪೂರ್ತಿ ನೋಟವಿಲ್ಲ. ದಾರಿಯಲ್ಲಿ 57 ಸುರಂಗಗಳಿವೆ. ಹಳಿಯ ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಇಳಿಯುತ್ತದೆ. ರಸ್ತೆಯಲ್ಲಿ ಇದು ಏನೂ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಕಡಿದಾದ ಇಳಿಜಾರೇ. ಅದಕ್ಕೇ ನಿಧಾನ, ಅದಕ್ಕೇ ಭಾರದ ಗೂಡ್ಸ್ ಗಾಡಿಗಳನ್ನು ಮೇಲೆ ಹತ್ತಿಸಲು ಹೆಚ್ಚುವರಿ ಎಂಜಿನ್. 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 8 ಮೀಟರ್ ಚಿಲ್ಲರೆ. 200 ಮೀಟರಿನ ಸುರಂಗದಲ್ಲಿ ಇಪ್ಪತ್ತೈದು ಸೆಕೆಂಡ್ ಕತ್ತಲು, ಹೊರಬಂದೊಡನೆ ಹಳ್ಳದ ಮೇಲೊಂದು ಸೇತುವೆ, ಕಣ್ಣು ಬೆಳಕಿಗೆ ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದು ಸುರಂಗ. ಫೋನಿನ ಕ್ಯಾಮೆರಾ ಆ ಬೆಳಕಿಗೆ ತಿರುಗುವ ಹೊತ್ತಿಗೆ ಸೇತುವೆ ಹಿಂದೆ ಹೋಗಿರುತ್ತದೆ. ಫೋಟೊ ಬೇಕೆಂದರೆ ಘಟ್ಟದ ನಡುವಿನ ಎಡಕುಮೇರಿ ನಿಲ್ದಾಣದ ಆಸುಪಾಸಿನ ತಿರುವುಗಳಿಗೆ ಕಾದು, ಗಾಡಿಯ ಮುಂಭಾಗ ಬಾಗಿ ಕಾಣುವಾಗ ತೆಗೆಯಿರಿ. ಉಳಿದ ಹೊತ್ತು ಫೋನ್ ಜೇಬಿನಲ್ಲಿರಲಿ. ಅಲ್ಲಿ ಸಿಗ್ನಲ್ ಕೂಡ ಹೆಚ್ಚು ಕಡೆ ಸಿಗುವುದಿಲ್ಲ.

ಹೊಸಬರು ಹೆಚ್ಚು ಎಡವುವುದು ಗಾಡಿಯ ಆಯ್ಕೆಯಲ್ಲಿ. ಕಣ್ಣೂರು ಎಕ್ಸ್‌ಪ್ರೆಸ್, ಪಂಚಗಂಗಾ ಎರಡೂ ಇದೇ ಹಳಿಯಲ್ಲಿ ಹೋಗುತ್ತವೆ, ಆದರೆ ಘಟ್ಟ ಇಳಿಯುವುದು ನಡುರಾತ್ರಿಯ ಆಚೀಚೆ. ಸ್ಲೀಪರ್‌ನಲ್ಲಿ ಮಲಗಿ ಹೋಗಲು ಅವು ಒಳ್ಳೆಯವು, ನೋಡಲು ಅಲ್ಲ. ನೋಡಬೇಕಾದರೆ ಯಶವಂತಪುರದ ಹಗಲು ಗಾಡಿಗಳೇ ಬೇಕು: ವಾರದಲ್ಲಿ ಕೆಲವು ದಿನ ಮಂಗಳೂರು ಜಂಕ್ಷನ್‌ಗೆ, ಕೆಲವು ದಿನ ಕಾರವಾರಕ್ಕೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ, ಸಕಲೇಶಪುರ ಬಿಡುವ ಹೊತ್ತು ಮತ್ತು ಸುಬ್ರಹ್ಮಣ್ಯ ರೋಡ್ ಸೇರುವ ಹೊತ್ತು ಎರಡೂ ಹಗಲಿನಲ್ಲಿವೆಯೇ ಎಂದು ನೋಡಿಕೊಂಡೇ ಬುಕ್ ಮಾಡಿ.

ಇನ್ನು ಕಾಲ. ಜುಲೈ, ಆಗಸ್ಟ್‌ನಲ್ಲಿ ಬಂಡೆಬಂಡೆಗೂ ನೀರು ಇಳಿಯುತ್ತಿರುತ್ತದೆ, ಜಾಹೀರಾತಿನ ಚಿತ್ರಗಳೆಲ್ಲ ಆಗಿನವೇ. ಆದರೆ ಆಗಲೇ ಮಂಜು ಕಣಿವೆಯನ್ನು ಪೂರ್ತಿ ಮುಚ್ಚಿ, ಕಿಟಕಿಯಾಚೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣದೆ ಹೋಗಬಹುದು. ಗುಡ್ಡ ಕುಸಿಯುವುದೂ ಆಗಲೇ. 2018ರ ಆಗಸ್ಟ್‌ನಲ್ಲಿ ಘಟ್ಟದ ಹಲವು ಕಡೆ ಮಣ್ಣು ಜಾರಿ ಹಳಿ ಮುಚ್ಚಿತ್ತು. 2024ರ ಜುಲೈ ಕೊನೆಗೆ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಸಂಚಾರ ನಿಂತಿತ್ತು. ರಿಪೇರಿ ಬೇಗ ಮುಗಿಯುವುದಿಲ್ಲ, ಏಕೆಂದರೆ ಅಲ್ಲಿಗೆ ಹೋಗುವ ರಸ್ತೆ ಇಲ್ಲ. ಕಲ್ಲು, ಯಂತ್ರ ಎಲ್ಲವೂ ಅದೇ ಒಂಟಿ ಹಳಿಯ ಮೇಲೆ ಬರಬೇಕು. ನನ್ನ ಆಯ್ಕೆ ಅಕ್ಟೋಬರ್, ನವೆಂಬರ್. ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಹಸಿರು ಮಾಸಿರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ. ಫೆಬ್ರವರಿ ದಾಟಿದ ಮೇಲೆ ಜಲಪಾತದ ಆಸೆ ಬಿಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ವಾರವಾಗಿದ್ದರೆ ಸಕಲೇಶಪುರಕ್ಕೆ ಮುಂಚಿನ ತೋಟಗಳಲ್ಲಿ ಕಾಫಿ ಹೂವು ಸಿಗಬಹುದು, ಅದು ಅದೃಷ್ಟದ ಮಾತು.

ಯಾವ ಬೋಗಿ ಎಂಬುದರಲ್ಲೇ ದುಡ್ಡಿನ ಪ್ರಶ್ನೆ ಇರುವುದು. ಈ ದಾರಿಗೆ ವಿಸ್ಟಾಡೋಮ್ ಬಂದದ್ದು 2021ರ ಜುಲೈನಲ್ಲಿ. ಒಂದು ಬೋಗಿಗೆ 44 ಸೀಟು, ದೊಡ್ಡ ಗಾಜಿನ ಕಿಟಕಿ, ಚಾವಣಿಯಲ್ಲೂ ಗಾಜು, ತಿರುಗುವ ಕುರ್ಚಿ. ದರ ಸೆಕೆಂಡ್ ಸಿಟ್ಟಿಂಗ್‌ನ ಎಷ್ಟೋ ಪಟ್ಟು, ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲ. ಮೊಣಕಾಲು ನೋವಿನ ಹಿರಿಯರಿದ್ದರೆ, ಧೂಳು ಆಗದವರಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಗಾಜು ಗಾಜೇ: ಜೋರು ಮಳೆಯಲ್ಲಿ ಅದರ ಮೇಲೆ ನೀರು ಹರಿಯುತ್ತಲೇ ಇರುತ್ತದೆ, ಒರೆಸಲು ವೈಪರ್ ಇಲ್ಲ, ಸುರಂಗದಲ್ಲಿ ಒಳಗಿನ ದೀಪಕ್ಕೆ ನಿಮ್ಮ ಮುಖವೇ ಕಾಣುತ್ತದೆ, ಚಾವಣಿಯಲ್ಲಿ ಕಾಣುವುದು ಹೆಚ್ಚಾಗಿ ಮರದ ಕೊಂಬೆ ಮತ್ತು ಮೋಡ. ಬೋಗಿಯ ತುದಿಯಲ್ಲಿ ನಿಂತು ನೋಡುವ ದೊಡ್ಡ ಕಿಟಕಿಯನ್ನು ನಂಬಿ ಟಿಕೆಟ್ ತೆಗೆಯಬೇಡಿ. ಆ ತುದಿಗೆ ಎಂಜಿನ್ ಅಥವಾ ಇನ್ನೊಂದು ಬೋಗಿ ಸೇರಿದ್ದರೆ ಅಲ್ಲಿ ಕಾಣುವುದು ಬಣ್ಣ ಹಚ್ಚಿದ ತಗಡು. ಕುರ್ಚಿ ತಿರುಗಿಸಬೇಕೆಂದರೆ ಪಕ್ಕದವರೂ ಏಳಬೇಕು, ಜೋಡಿ ಸೀಟು ಒಟ್ಟಿಗೇ ತಿರುಗುತ್ತದೆ. ಹಾಗಾಗಿ ಆ ಕೆಲಸವನ್ನು ಹಾಸನದಲ್ಲೇ ಮುಗಿಸಿಕೊಳ್ಳಿ.

ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಕಿಟಕಿಗೆ ಸರಳು, ಬೆನ್ನಿಗೆ ನೆಟ್ಟಗಿನ ಸೀಟು, ಮಳೆ ಬಂದರೆ ಷಟರ್ ಎಳೆಯುವ ಜಗಳ. ಆದರೂ ಕಾಡಿನ ತಣ್ಣನೆ ಗಾಳಿ, ಒದ್ದೆ ಮಣ್ಣಿನ ವಾಸನೆ, ಹಳ್ಳದ ಸದ್ದು, ಸುರಂಗದೊಳಗೆ ಬ್ರೇಕಿನ ಕಿರುಚಾಟ, ಇವೆಲ್ಲ ಸಿಗುವುದು ಇಲ್ಲಿ ಮಾತ್ರ. ಪ್ರತಿ ಸುರಂಗಕ್ಕೂ ‘ಹೋ’ ಎಂದು ಕೂಗುವ ಕಾಲೇಜು ಹುಡುಗರೂ ಇಲ್ಲೇ. ಹತ್ತನೆಯ ಸುರಂಗದವರೆಗೆ ಅದು ತಮಾಷೆಯಾಗಿರುತ್ತದೆ. ನನ್ನನ್ನು ಕೇಳಿದರೆ, ಗಟ್ಟಿಮುಟ್ಟಾಗಿರುವವರಿಗೆ ಸೆಕೆಂಡ್ ಸಿಟ್ಟಿಂಗ್‌ನ ಕಿಟಕಿಯೇ ಮೇಲು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುವುದು ಮಾತ್ರ ಬೇಡ, ಸುರಂಗದ ಗೋಡೆ ಬೋಗಿಗೆ ತೀರಾ ಹತ್ತಿರ.

ಕಣಿವೆ ಹೆಚ್ಚು ಹೊತ್ತು ತೆರೆದುಕೊಳ್ಳುವುದು ಇಳಿಯುವಾಗ ಬಲಗಡೆ, ಹತ್ತುವಾಗ ಎಡಗಡೆ. ಇನ್ನೊಂದು ಬದಿಯಲ್ಲಿ ಕಡಿದ ಬಂಡೆ, ಅದರ ಮೇಲಿಂದ ಸುರಿಯುವ ನೀರು. ಮಳೆಗಾಲದಲ್ಲಿ ಅದೂ ಕಮ್ಮಿಯಲ್ಲ. ಬುಕಿಂಗ್‌ನಲ್ಲಿ ‘ಕಿಟಕಿ’ ಎಂದು ಕೇಳಬಹುದು, ‘ಬಲಗಡೆ’ ಎಂದು ಕೇಳಲು ಬರುವುದಿಲ್ಲ. ಹಾಸನದಲ್ಲಿ ಒಂದಷ್ಟು ಜನ ಇಳಿಯುತ್ತಾರೆ, ಖಾಲಿಯಾದ ಸೀಟು ಯಾರದೆಂದು ಟಿಟಿಇಯನ್ನು ಕೇಳಿ ಕೂರಬಹುದು.

ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. 2024ರ ನವೆಂಬರ್‌ಗೆ ಮುಂಚೆ ಅದು 120 ದಿನವಿತ್ತು, ಹಳೆಯ ಸಲಹೆ ನಂಬಿ ಕೂರಬೇಡಿ. ಸೆಕೆಂಡ್ ಸಿಟ್ಟಿಂಗ್ ತತ್ಕಾಲ್ ಹಿಂದಿನ ದಿನ 11 ಗಂಟೆಗೆ ತೆರೆಯುತ್ತದೆ. ವಿಸ್ಟಾಡೋಮ್ ದರ ಹೆಚ್ಚೆನಿಸಿದರೆ ಟಿಕೆಟ್ ಎರಡು ತುಂಡು ಮಾಡಿ: ಯಶವಂತಪುರದಿಂದ ಸಕಲೇಶಪುರಕ್ಕೆ ಸೆಕೆಂಡ್ ಸಿಟ್ಟಿಂಗ್, ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ಗೆ ವಿಸ್ಟಾಡೋಮ್. ಘಟ್ಟಕ್ಕೆ ಮುಂಚೆ ಗಾಡಿ ಸಕಲೇಶಪುರದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದರಿಂದ ಬೋಗಿ ಬದಲಿಸಲು ಸಮಯವಿರುತ್ತದೆ, ಲಗೇಜು ಮಾತ್ರ ಕೈಯಲ್ಲಿ ಹಿಡಿಯುವಷ್ಟೇ ಇರಲಿ. ಸೀಟುಗಳ ಕೋಟಾ ಹತ್ತುವ ನಿಲ್ದಾಣಕ್ಕೆ ತಕ್ಕಂತೆ ಬದಲಾಗುವುದರಿಂದ, ಈ ತುಂಡಿಗೆ ಸೀಟು ತೋರಿಸದಿದ್ದರೆ ಹಾಸನದಿಂದ ಹಾಕಿ ನೋಡಿ.

ಎಲ್ಲಿ ಇಳಿಯುತ್ತೀರಿ ಎನ್ನುವುದೇ ಕೊನೆಗೆ ತೀರ್ಮಾನ ಮಾಡುವ ಸಂಗತಿ. ಮಂಗಳೂರು, ಉಡುಪಿ ಕಡೆ ಹೇಗೂ ಕೆಲಸವಿದ್ದರೆ ಕಣ್ಣು ಮುಚ್ಚಿ ಹೋಗಿ, ಬಸ್ಸಿಗಿಂತ ಒಂದೆರಡು ಗಂಟೆ ಹೆಚ್ಚಾದರೂ ಸರಿ. ಘಟ್ಟ ನೋಡಲೆಂದೇ ಹೊರಟವರು ಮಂಗಳೂರಿನವರೆಗೆ ಹೋಗಿ, ಅದೇ ರಾತ್ರಿ ಬಸ್ಸು ಹಿಡಿದು ವಾಪಸಾದರೆ ನೆನಪಿನಲ್ಲಿ ಉಳಿಯುವುದು ಸೊಂಟ ನೋವು. ಅವರು ಸುಬ್ರಹ್ಮಣ್ಯ ರೋಡ್‌ನಲ್ಲೇ ಇಳಿಯಲಿ. ನಿಲ್ದಾಣ ಇರುವುದು ನೆಟ್ಟಣದಲ್ಲಿ, ಕುಕ್ಕೆ ದೇವಸ್ಥಾನ ಅಲ್ಲಿಂದ ಸುಮಾರು 12 ಕಿ.ಮೀ.; ಗಾಡಿ ಬಂದಾಗ ಹೊರಗೆ ಜೀಪುಗಳಿರುತ್ತವೆ. ಸಂಜೆ ದರ್ಶನ, ರಾತ್ರಿ ಕುಕ್ಕೆಯಿಂದ ಬೆಂಗಳೂರು ಬಸ್ಸು. ಚಿಕ್ಕ ಮಕ್ಕಳಿದ್ದರೆ ಇನ್ನೂ ಚಿಕ್ಕದು ಮಾಡಿ: ಹಿಂದಿನ ದಿನವೇ ಸಕಲೇಶಪುರಕ್ಕೆ ಹೋಗಿ ಉಳಿದು, ಮರುದಿನ ಘಟ್ಟದ ತುಂಡಿಗಷ್ಟೇ ರೈಲು ಹತ್ತಿ.

ಊಟಿ ರೈಲಿನ ಜೊತೆ ಹೋಲಿಸಿ ಕೇಳುವವರೂ ಇದ್ದಾರೆ. ಅದರ ದಾರಿಯೇ ಬೇರೆ. ಮೇಟ್ಟುಪಾಳ್ಯಂನಿಂದ ಉದಗಮಂಡಲಕ್ಕೆ 46 ಕಿ.ಮೀ., ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಯ ನಡುವೆ ಹಲ್ಲಿನ ಪಟ್ಟಿ, ಏರು 12 ಚಿಲ್ಲರೆ ಮೀಟರಿಗೆ 1. ಯಂತ್ರ ನೋಡುವ ಹುಚ್ಚಿದ್ದವರು ಅಲ್ಲಿಗೇ ಹೋಗಬೇಕು, ಆದರೆ ಬೆಂಗಳೂರಿನಿಂದ ಅದು ಒಂದು ದಿನದ ಮಾತಲ್ಲ, ಸೀಟು ಸಿಗುವುದೂ ಕಷ್ಟ.

ಹಳಿಯ ಮೇಲೆ ನಡೆದು ನೋಡುವ ಯೋಚನೆ ಇದ್ದರೆ ಬಿಟ್ಟುಬಿಡಿ. 1996ರಲ್ಲಿ ಹಳೆಯ ಮೀಟರ್ ಗೇಜ್ (ಕಿರಿದಾದ ಹಳಿ) ಮುಚ್ಚಿದ ಮೇಲೆ ಗಾಡಿಯಿಲ್ಲದ ವರ್ಷಗಳಲ್ಲಿ ಆ ಚಾರಣ ಹೆಸರಾಯಿತು. 2007ರ ಡಿಸೆಂಬರ್‌ನಿಂದ ಪ್ರಯಾಣಿಕರ ಗಾಡಿಗಳು ಮತ್ತೆ ಓಡುತ್ತಿವೆ, ಹಳಿಯ ಮೇಲೆ ನಡೆಯುವುದಕ್ಕೆ ಈಗ ನಿಷೇಧವಿದೆ. ಸುರಂಗದ ನಡುವೆ ಗಾಡಿ ಬಂದರೆ ಸರಿದು ನಿಲ್ಲಲು ಜಾಗವೂ ಸಾಲದು.

ಹೊರಡುವ ಹಿಂದಿನ ದಿನ, ಅದೇ ಗಾಡಿ ಹಿಂದಿನ ಕೆಲವು ಓಡಾಟಗಳಲ್ಲಿ ಎಷ್ಟು ತಡವಾಗಿದೆ ಎಂದು ಆ್ಯಪ್‌ನಲ್ಲಿ ನೋಡಿ. ಒಂಟಿ ಹಳಿ, ಎದುರಿನ ಗೂಡ್ಸ್‌ಗೆ ದಾರಿ ಬಿಡಲು ದೋಣಿಗಲ್‌ನಲ್ಲೋ ಸಿರಿಬಾಗಿಲಿನಲ್ಲೋ ಅರ್ಧ ಗಂಟೆ ನಿಂತರೆ ಆಶ್ಚರ್ಯವಿಲ್ಲ. ಘಟ್ಟದೊಳಗಿನ ಆ ನಿಲ್ದಾಣಗಳಲ್ಲಿ ಅಂಗಡಿಯಿಲ್ಲ. ಬುತ್ತಿ, ನೀರು ಸಕಲೇಶಪುರಕ್ಕೆ ಮುಂಚೆಯೇ ಚೀಲದಲ್ಲಿರಲಿ. ರೈಲ್ವೆಯೇ ಗಾಡಿ ರದ್ದು ಮಾಡಿದರೆ ಇ-ಟಿಕೆಟ್ ದುಡ್ಡು ಪೂರ್ತಿ ತಾನಾಗಿ ಖಾತೆಗೆ ಬರುತ್ತದೆ, ನೀವು ಅವಸರಪಟ್ಟು ರದ್ದು ಮಾಡಿದರೆ ಕಡಿತವಾಗುತ್ತದೆ. ಭಾನುವಾರ ಹೊರಡುವವರಿಗೆ ಇನ್ನೊಂದು ಮಾತು: ಅಂದು ಮೆಟ್ರೊ ಶುರುವಾಗುವುದೇ ಏಳಕ್ಕೆ. ಯಶವಂತಪುರಕ್ಕೆ ಆಟೊವನ್ನು ರಾತ್ರಿಯೇ ಗೊತ್ತು ಮಾಡಿಡಿ.